ಮೊದಲ ಬೈಕಾಗಿ ಹಳೇ ಸ್ಪ್ಲೆಂಡರ್: ನೋಡಿ ಕೊಳ್ಳುವುದು, ಕಲಿಯುವುದು, ದಿನಾ ಓಡಿಸುವುದು

ಗೇರ್ ಬೈಕು ಕಲಿಯಬೇಕು, ಜೊತೆಗೆ ದಿನಾ ಕೆಲಸಕ್ಕೂ ಅದರಲ್ಲೇ ಹೋಗಬೇಕು, ಕೈಯಲ್ಲಿ ದುಡ್ಡು ಕಡಿಮೆ ಎನ್ನುವವರಿಗೆ ನನ್ನ ಸಲಹೆ ಒಂದೇ. ಕಾಗದಪತ್ರ ಸರಿಯಿರುವ, ಯಾರೂ ಕೈಯಾಡಿಸಿ ರೂಪ ಬದಲಿಸದ ನೂರು ಸಿಸಿ ಗಾಡಿ ತಗೊಳ್ಳಿ. ಕೊಳ್ಳುವಾಗ ಉಳಿಸಿದ ದುಡ್ಡಿನಲ್ಲಿ ಒಂದು ಪಾಲನ್ನು ಟೈರು, ಬ್ರೇಕು, ಚೈನಿಗೆ ಮೊದಲ ವಾರದಲ್ಲೇ ಹಾಕಿ. ಬಣ್ಣ, ಸ್ಟಿಕ್ಕರು, ಸೀಟ್ ಕವರ್ ಆಮೇಲೆ ನೋಡಿಕೊಳ್ಳಬಹುದು.

ಬಜಾಜ್ ಪ್ಲಾಟಿನಾ, ಸಿಟಿ 100, ಟಿವಿಎಸ್ ಸ್ಪೋರ್ಟ್ ಎಲ್ಲವೂ ಈ ಕೆಲಸಕ್ಕೆ ಆಗುತ್ತವೆ. 2023ರಲ್ಲಿ ಬಂದ ಹೋಂಡಾ ಶೈನ್ 100 ಇನ್ನೂ ಹಗುರ, 99 ಕೆ.ಜಿ. ಆದರೂ ಇಲ್ಲಿ ಸ್ಪ್ಲೆಂಡರ್ ಹಿಡಿದೇ ಹೇಳುತ್ತೇನೆ. 1985ರ ಹೀರೋ ಹೋಂಡಾ ಸಿಡಿ 100ರಿಂದ ಬಂದ ಅದೇ 97.2 ಸಿಸಿ ಎಂಜಿನ್ 1994ರಲ್ಲಿ ಸ್ಪ್ಲೆಂಡರಿಗೆ ಬಂತು, ಕಂಪನಿಯ ಹೆಸರು ಹೀರೋ ಮೋಟೋಕಾರ್ಪ್ ಆದಮೇಲೂ ಮುಂದುವರಿಯಿತು. ಇಷ್ಟು ವರ್ಷ ಒಂದೇ ಎಂಜಿನ್ ಓಡಿದ್ದರಿಂದ ಹೋಬಳಿ ಊರಿನ ಸ್ಪೇರ್ಸ್ ಅಂಗಡಿಯಲ್ಲೂ ಕ್ಲಚ್ ವೈರು, ಬ್ರೇಕ್ ಶೂ, ಚೈನ್ ಸೆಟ್ ಸಿಗುತ್ತದೆ. ರಸ್ತೆ ಬದಿಯ ಮೆಕ್ಯಾನಿಕ್ಕಿಗೂ ಇದರ ಒಳಗು ಬಾಯಿಪಾಠ. ಕಲಿಯುವವರಿಗೆ ಬೇಕಾದದ್ದು ಇದೇ. ಗಾಡಿ ಬಿದ್ದರೆ ಒಬ್ಬರೇ ಎತ್ತುವಷ್ಟು, ಅಂದರೆ ಸುಮಾರು 110 ಕೆ.ಜಿ. ತೂಕವಿರಬೇಕು. ಲಿವರ್ ಮುರಿದರೆ ಅವತ್ತೇ ಹೊಸದು ಸಿಗಬೇಕು.

ಯಾವ ವರ್ಷದ ಗಾಡಿ ಎನ್ನುವುದಕ್ಕೆ ಒಂದು ಗೆರೆ ಇದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮ ಬಂದಾಗ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೋರೇಟರ್ ಹೋಗಿ, ಸೆನ್ಸರ್ ನೋಡಿ ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಬಂತು. ಇಂಜೆಕ್ಷನ್ ಗಾಡಿ ಬೆಳಗಿನ ಚಳಿಯಲ್ಲಿ ಚೋಕ್ (ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಪಾಲು ಹೆಚ್ಚಿಸುವ ಸಣ್ಣ ಲಿವರ್) ಇಲ್ಲದೆ ಸ್ಟಾರ್ಟ್ ಆಗುತ್ತದೆ. ಆದರೆ ಸೆನ್ಸರ್ ಕೆಟ್ಟರೆ ಎಲ್ಲ ಮೆಕ್ಯಾನಿಕ್‌ಗಳ ಕೈಗೂ ಬಗ್ಗುವುದಿಲ್ಲ. ಕಾರ್ಬೋರೇಟರ್ ಗಾಡಿಯನ್ನು ಒಂದು ಸ್ಕ್ರೂಡ್ರೈವರ್, ಎರಡು ಸ್ಪ್ಯಾನರ್‌ನಲ್ಲಿ ಬಿಚ್ಚಿ ತೊಳೆದು ಜೋಡಿಸಬಹುದು. ಗಾಡಿಯನ್ನು ಅರ್ಥ ಮಾಡಿಕೊಳ್ಳುವ ಆಸೆ ಇದ್ದವರಿಗೆ ಕಾರ್ಬೋರೇಟರ್ ಗಾಡಿಯೇ ಒಳ್ಳೆಯದು. 2019ರ ಏಪ್ರಿಲ್ ನಂತರ ಮಾರಾಟವಾದ ಗಾಡಿಯಲ್ಲಿ ಕಾಲಿನ ಬ್ರೇಕ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುವ ಸಿಬಿಎಸ್ ಇರುತ್ತದೆ. ಹೊಸಬರಿಗೆ ಅದು ನಿಜಕ್ಕೂ ಉಪಕಾರಿ. ಹೊಸ ಗಾಡಿಯನ್ನೇ ಕೊಳ್ಳುವ ಶಕ್ತಿಯಿದ್ದರೆ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ. ಒಮ್ಮೆ ಎರಡೂ ಲೆಕ್ಕ ಹಾಕಿ ನೋಡಿ.

ಹಳೇ ಗಾಡಿ ನೋಡಲು ಹೋಗುವಾಗ

ಮಾರುವವರಿಗೆ ಮೊದಲೇ ಫೋನಲ್ಲಿ ಹೇಳಿ, "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ." ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ತಣ್ಣಗಿರುವ ಎಂಜಿನ್ ಮಾತ್ರ ತನ್ನ ಕಾಯಿಲೆ ಹೇಳುತ್ತದೆ. ಚೋಕ್ ಎಳೆದು ಎರಡು ಮೂರು ಕಿಕ್ಕಿಗೆ ಸ್ಟಾರ್ಟ್ ಆಗಬೇಕು. ಕಿಕ್ಕರ್ ಒತ್ತುವಾಗ ಕಾಲಿಗೆ ಎದುರು ಒತ್ತಡ ಸಿಗಬೇಕು. ಹಾಗೇ ಸಲೀಸಾಗಿ ಇಳಿದುಹೋದರೆ ಕಂಪ್ರೆಶನ್ (ಎಂಜಿನ್ ಒಳಗಿನ ಒತ್ತಡ) ಹೋಗಿದೆ, ಬೋರ್ ಕೆಲಸ, ಅಂದರೆ ಸಿಲಿಂಡರ್ ಕೊರೆಸಿ ಪಿಸ್ಟನ್ ಬದಲಿಸುವ ಕೆಲಸ, ಬರುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಸ್ಟಾರ್ಟ್ ಮಾಡಿದ ಗಳಿಗೆಯಲ್ಲಿ ಮಾತ್ರ ಬಂದು ನಿಂತರೆ ವಾಲ್ವ್ ಸೀಲ್, ಆಕ್ಸಿಲೇಟರ್ ಕೊಟ್ಟಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್. ಕಪ್ಪು ಹೊಗೆಯಾದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇದು ಸಣ್ಣ ರಿಪೇರಿ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಳಿ ಆವಿ ಬಂದರೆ ಹೆದರಬೇಕಿಲ್ಲ.

ಎಂಜಿನ್ ಕೆಳಗಿನ ಆಯಿಲ್ ಬೋಲ್ಟನ್ನು ಬಗ್ಗಿ ನೋಡುವವರು ಕಡಿಮೆ. ಅದರ ಸುತ್ತ ಎಂ-ಸೀಲ್ ಅಂಟು ಮೆತ್ತಿದ್ದರೆ, ಆಯಿಲ್ ಹನಿ ತೂಗುತ್ತಿದ್ದರೆ, ಯಾರೋ ಬೋಲ್ಟನ್ನು ಅತಿಯಾಗಿ ಬಿಗಿದು ಅಲ್ಯೂಮಿನಿಯಂ ಕೇಸಿನ ತ್ರೆಡ್ (ತಿರುಪಿನ ಗೆರೆ) ತಿಂದುಹಾಕಿದ್ದಾರೆ. ತ್ರೆಡ್ ಮತ್ತೆ ಕಟ್ಟಿಸಬಹುದು, ಆದರೆ ಅದಕ್ಕಿಂತ ದೊಡ್ಡ ಸುಳಿವು ಇನ್ನೊಂದಿದೆ. ಆ ಗಾಡಿಯ ಮೇಲೆ ಕೈಯಾಡಿಸಿದವರಿಗೆ ತಾಳ್ಮೆ ಇರಲಿಲ್ಲ. ಉಳಿದ ಬೋಲ್ಟುಗಳೂ ಹಾಗೇ ಇರುತ್ತವೆ.

ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ನಿಧಾನ ಎಡಕ್ಕೂ ಬಲಕ್ಕೂ ತಿರುಗಿಸಿ. ನೆಟ್ಟಗೆ ಬರುವ ಜಾಗದಲ್ಲಿ 'ಟಕ್' ಎಂದು ಕೂತುಕೊಂಡರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸವೆದಿದೆ. ಇಂಥ ಗಾಡಿ ನಿಧಾನ ಓಟದಲ್ಲಿ ತಾನೇ ತೂರಾಡುತ್ತದೆ. ಕಲಿಯುವವರು ಅದನ್ನು ತಮ್ಮ ಕೈತಪ್ಪೆಂದು ತಿಳಿದು ಧೈರ್ಯ ಕಳೆದುಕೊಳ್ಳುತ್ತಾರೆ. ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಕಟಕಟ ಎಂದರೆ ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ಅಥವಾ ಚಕ್ರದ ಬೇರಿಂಗ್ ಹೋಗಿದೆ. ಮುಂದಿನ ಫೋರ್ಕ್ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಬದಲಿಸಬೇಕು. ಇವೆಲ್ಲ ಕಡಿಮೆ ಖರ್ಚಿನ ರಿಪೇರಿಗಳೇ, ಬೆಲೆ ಇಳಿಸಿ ತಗೊಳ್ಳಬಹುದು. ಆದರೆ ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ಕೂತು ನೋಡಿದಾಗ ಎರಡು ಚಕ್ರ ಒಂದೇ ಗೆರೆಯಲ್ಲಿಲ್ಲ ಅನಿಸಿದರೆ ಚಾಸಿ ಬಾಗಿದೆ. ಅದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಓಡಿಸಿ ನೋಡುವಾಗ ನಾಲ್ಕನೇ ಗೇರಿನಲ್ಲಿ 35–40ರ ವೇಗದಲ್ಲಿದ್ದಾಗ ಆಕ್ಸಿಲೇಟರ್ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ಏರಿ ಗಾಡಿ ಮುಂದಕ್ಕೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಮೀಟರಿನ ಕಿಲೋಮೀಟರ್ ನಂಬಬೇಡಿ, ಕೇಬಲ್ ಬಿಚ್ಚಿಟ್ಟು ಓಡಿಸುವುದು ತೀರ ಸುಲಭ. ಗೇರ್ ಲಿವರಿನ ರಬ್ಬರು, ಫುಟ್‌ರೆಸ್ಟು, ಬ್ರೇಕ್ ಪೆಡಲಿನ ಗೀರುಗಳು ಸವೆದು ನುಣುಪಾಗಿದ್ದು ಮೀಟರ್ ಮಾತ್ರ 18,000 ತೋರಿಸಿದರೆ ಯಾವುದನ್ನು ನಂಬಬೇಕೆಂದು ಹೇಳಬೇಕಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿ ಕಂಡರೂ ಆರು ವರ್ಷ ದಾಟಿದ ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ.

ಕಾಗದಪತ್ರದ ವಿಷಯದಲ್ಲಿ ಯಾರ ಮುಖವನ್ನೂ ನೋಡಬೇಡಿ, ನೆಂಟರದ್ದೇ ಗಾಡಿಯಾದರೂ ಸರಿ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಹ್ಯಾಂಡಲ್ ಕೆಳಗಿನ ಕೊಳವೆಯ ಬದಿಯಲ್ಲಿ, ಎಂಜಿನ್ ನಂಬರನ್ನು ಎಂಜಿನ್ ಕೇಸಿನ ಮೇಲೆ ನೀವೇ ಓದಿ ತಾಳೆ ನೋಡಿ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ವಿಮೆ, ಸಾಲದ ವಿವರ ಕಾಣುತ್ತದೆ. ಬಾಕಿ ದಂಡಗಳನ್ನೂ ನೋಡಿಕೊಳ್ಳಿ. ಸಾಲವಿದ್ದರೆ ಫಾರಂ 35 ಮತ್ತು ಸಾಲ ಕೊಟ್ಟವರ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬೇಕು, ಬೇರೆ ಆರ್‌ಟಿಒ ವ್ಯಾಪ್ತಿಯದಾದರೆ ಫಾರಂ 28, ಹೆಸರು ಬದಲಾವಣೆಗೆ ಫಾರಂ 29 ಮತ್ತು 30. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟು ಹಾಕಿಸಿದ್ದಾರೆಯೇ ನೋಡಿ. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು, ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು 14 ದಿನ. ಇದನ್ನು ಮುಂದೂಡುವವರೇ ಹೆಚ್ಚು. ಆ ನಡುವೆ ಅಪಘಾತವಾದರೆ ಹಳೆಯ ಮಾಲೀಕರಿಗೂ ತೊಂದರೆ, ನಿಮಗೂ ತೊಂದರೆ. ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಮತ್ತೆ ಪರೀಕ್ಷೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. 13–14 ವರ್ಷದ ಗಾಡಿಗೆ ಬೆಲೆ ಕಟ್ಟುವಾಗ ಈ ಖರ್ಚನ್ನೂ ಸೇರಿಸಿ.

ಕಲಿಯುವುದು

ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಆರು ತಿಂಗಳು ನಡೆಯುತ್ತದೆ, ಮಾಡಿಸಿ 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಈ ಅವಧಿಯಲ್ಲಿ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು. ಹಿಂದೆ ಕೂರುವವರು ಕಲಿಸುವವರು ಮಾತ್ರ, ಗೆಳೆಯರನ್ನು ಕೂರಿಸುವಂತಿಲ್ಲ. ಹೆಲ್ಮೆಟ್ ಐಎಸ್‌ಐ ಗುರುತಿನದೇ ಆಗಿರಲಿ, ಗಲ್ಲದ ಪಟ್ಟಿ ಕಟ್ಟಿರಲಿ. ಪಟ್ಟಿ ಕಟ್ಟದ ಹೆಲ್ಮೆಟ್ ನೆಲ ಮುಟ್ಟುವ ಮೊದಲೇ ತಲೆ ಬಿಟ್ಟು ಹಾರಿರುತ್ತದೆ.

ಮೊದಲ ದಿನ ಎಂಜಿನ್ ಸ್ಟಾರ್ಟ್ ಮಾಡುವುದೇ ಬೇಡ. ನ್ಯೂಟ್ರಲ್‌ನಲ್ಲಿಟ್ಟು ಗಾಡಿಯನ್ನು ಪಕ್ಕದಲ್ಲಿ ನಡೆಸಿ, ತಿರುಗಿಸಿ, ಹಿಂದಕ್ಕೆ ತಳ್ಳಿ. ಡಬಲ್ ಸ್ಟ್ಯಾಂಡ್ ಹಾಕುವುದನ್ನು ಕಲಿಯಿರಿ. ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ಸಮನಾಗಿ ತಾಗಿದೆಯೆಂದು ಖಾತ್ರಿ ಮಾಡಿಕೊಂಡು ಮೈಭಾರವನ್ನೆಲ್ಲ ಬಲಪಾದದಿಂದ ಸ್ಟ್ಯಾಂಡಿನ ಮೇಲೆ ಹಾಕಿದರೆ ಗಾಡಿ ತಾನೇ ಏರುತ್ತದೆ. ಕೈಯಿಂದ ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ.

ಎರಡನೇ ದಿನ ಖಾಲಿ ಮೈದಾನ. ಎಂಜಿನ್ ಬೆಚ್ಚಗಾಗಲಿ, ಎಡಗೈಯ ಕ್ಲಚ್ ಲಿವರ್ ಪೂರ್ತಿ ಹಿಡಿದು ಮೊದಲ ಗೇರು ಹಾಕಿ. ಆಕ್ಸಿಲೇಟರ್ ಮುಟ್ಟಬೇಡಿ. ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡುತ್ತಾ ಬಂದರೆ ಒಂದು ಜಾಗದಲ್ಲಿ ಎಂಜಿನ್ ಸದ್ದು ತುಸು ಕುಗ್ಗಿ ಗಾಡಿ ಮುಂದಕ್ಕೆ ಮಿಸುಕುತ್ತದೆ. ಅದೇ ಹಾಫ್ ಕ್ಲಚ್. ಸ್ಪ್ಲೆಂಡರಿನ ಐಡ್ಲಿಂಗ್ (ಆಕ್ಸಿಲೇಟರ್ ಮುಟ್ಟದಾಗಿನ ಎಂಜಿನ್ ವೇಗ) ಸರಿಯಾಗಿ 1,400 ಆರ್‌ಪಿಎಂ ಆಸುಪಾಸಿನಲ್ಲಿದ್ದರೆ ಸಮತಟ್ಟು ನೆಲದಲ್ಲಿ ಆಕ್ಸಿಲೇಟರ್ ಇಲ್ಲದೆಯೇ ಗಾಡಿ ತೆವಳಿಕೊಂಡು ಹೋಗುತ್ತದೆ. ಹೋಗಿ, ಕ್ಲಚ್ ಹಿಡಿದು ನಿಲ್ಲಿಸಿ. ಮತ್ತೆ ಬಿಡಿ. ಮೂವತ್ತು ನಲವತ್ತು ಸಲ ಇದನ್ನೇ ಮಾಡಿದರೆ ಎಡಗೈಗೆ ಆ ಜಾಗ ಗೊತ್ತಾಗಿಬಿಡುತ್ತದೆ. ಆಕ್ಸಿಲೇಟರ್ ಜೊತೆಗೇ ಕಲಿಯಲು ಹೋದವರು ಗಾಡಿ ಜಿಗಿದಾಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾರೆ. ಆಗ ಬಲಗೈ ಮಣಿಕಟ್ಟು ಕೆಳಗೆ ಜಾರಿ ಆಕ್ಸಿಲೇಟರ್ ಇನ್ನಷ್ಟು ತಿರುಗುತ್ತದೆ. ಗೋಡೆಗೆ ಗುದ್ದುವುದು ಹೀಗೆಯೇ.

ಸ್ಕೂಟರಿನಿಂದ ಬಂದವರಿಗೆ ಒಂದು ಎಚ್ಚರಿಕೆ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸ್ಕೂಟರಿನಲ್ಲಿ ಎಡಗೈ ಲಿವರ್ ಹಿಂದಿನ ಬ್ರೇಕು, ಬೈಕಿನಲ್ಲಿ ಅದು ಕ್ಲಚ್ಚು. ಎದುರಿಗೆ ನಾಯಿ ನುಗ್ಗಿದಾಗ ಕೈ ಹಳೆಯ ಅಭ್ಯಾಸದಂತೆ ಎಡ ಲಿವರ್ ಎಳೆಯುತ್ತದೆ. ಗಾಡಿ ನಿಲ್ಲುವ ಬದಲು ಎಂಜಿನ್ ತಡೆಯನ್ನೂ ಕಳೆದುಕೊಂಡು ಹಗುರವಾಗಿ ಮುಂದೆ ಓಡುತ್ತದೆ. ಇದಕ್ಕೆ ಮದ್ದು ಅಭ್ಯಾಸ ಒಂದೇ. 25ರ ವೇಗದಲ್ಲಿ ಬಂದು, ಆಕ್ಸಿಲೇಟರ್ ಬಿಟ್ಟು, ಬಲಗೈ ಮತ್ತು ಬಲಗಾಲಿನ ಬ್ರೇಕನ್ನು ಒಟ್ಟಿಗೆ ಒತ್ತುತ್ತಾ ಹೋಗಿ, ಗಾಡಿ ನಿಲ್ಲುವ ಕೊನೇ ಗಳಿಗೆಯಲ್ಲಿ ಮಾತ್ರ ಕ್ಲಚ್ ಹಿಡಿಯಿರಿ. ದಿನಾ ಇಪ್ಪತ್ತು ಸಲ, ಒಂದು ವಾರ. ಮುಂದಿನ ಬ್ರೇಕಿಗೆ ಹೆದರಿ ಕಾಲಿನ ಬ್ರೇಕನ್ನೇ ನಂಬುವುದು ನಮ್ಮಲ್ಲಿ ತಲೆಮಾರಿನಿಂದ ಬಂದ ತಪ್ಪು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಂದಿನದು ಹಗುರವಾಗಿ ಲಾಕ್ ಆಗಿ ಜಾರುತ್ತದೆ. ಮುಂದಿನದನ್ನು ತಟ್ಟನೆ ಎಳೆಯದೆ, ಹಿಂಡುತ್ತಾ ಹೋಗಬೇಕು. ಮರಳು, ಜಲ್ಲಿ, ತಿರುವಿನಲ್ಲಿ ಹ್ಯಾಂಡಲ್ ವಾಲಿದ್ದಾಗ ಮಾತ್ರ ಮುಂದಿನದಕ್ಕೆ ಬಲ ಹಾಕಬೇಡಿ.

ಸ್ಪ್ಲೆಂಡರಿನಲ್ಲಿ ನಾಲ್ಕೂ ಗೇರು ಮುಂಗಾಲಿನಿಂದ ಕೆಳಕ್ಕೆ ಒತ್ತುವುದು, ಇಳಿಸಲು ಹಿಮ್ಮಡಿ. 15ರ ಸುಮಾರಿಗೆ ಎರಡು, 25 ದಾಟಿದ ಮೇಲೆ ಮೂರು, 40ಕ್ಕೆ ನಾಲ್ಕು ಹಾಕಿದರೆ ಎಂಜಿನ್ ಗೊಣಗುವುದಿಲ್ಲ. ಸಿಗ್ನಲ್‌ನಲ್ಲಿ ನಾಲ್ಕನೇ ಗೇರಿನಲ್ಲೇ ಬಂದು ನಿಂತುಬಿಟ್ಟು ಆಮೇಲೆ ಹಿಮ್ಮಡಿ ಒತ್ತಿದರೆ ಗೇರು ಇಳಿಯಲು ಹಟ ಮಾಡುತ್ತದೆ. ಚಕ್ರ ನಿಂತಾಗ ಗೇರಿನ ಹಲ್ಲುಗಳು ಒಂದಕ್ಕೊಂದು ಎದುರಾಗಿ ಕೂತಿರುತ್ತವೆ. ಗಾಡಿಯನ್ನು ಹಿಂದೆ ಮುಂದೆ ಸ್ವಲ್ಪ ತೂಗಿ ಒತ್ತಿದರೆ ಬೀಳುತ್ತದೆ. ಉರುಳುತ್ತಿರುವಾಗಲೇ ಒಂದೊಂದೇ ಇಳಿಸಿಕೊಂಡು ಬರುವುದು ಸರಿಯಾದ ರೂಢಿ. ಮುಂದೆ ಪಲ್ಸರ್‌ನಂಥ ಗಾಡಿ ಓಡಿಸುವಾಗ ನೆನಪಿರಲಿ, ಅಲ್ಲಿ ಒಂದನೇ ಗೇರು ಕೆಳಗೆ, ಉಳಿದವು ಮೇಲೆ.

ಡಿಎಲ್ ಪರೀಕ್ಷೆಯಲ್ಲಿ '8'ರ ಆಕಾರದಲ್ಲಿ ಓಡಿಸುವಾಗ ಕಣ್ಣನ್ನು ಮುಂದಿನ ಚಕ್ರದ ಮೇಲಿಡದೆ ಮುಂದೆ ಹೋಗಬೇಕಾದ ಬಾಗಿನ ಮೇಲಿಡಿ. ಮೊದಲ ಗೇರು, ಆಕ್ಸಿಲೇಟರ್ ಒಂದೇ ಸಮ, ವೇಗ ತಗ್ಗಿಸಲು ಕಾಲಿನ ಬ್ರೇಕನ್ನು ಹಗುರವಾಗಿ ಸವರುತ್ತಿರಬೇಕು. ಮುಂದಿನ ಬ್ರೇಕ್ ಮುಟ್ಟಿದರೆ ಕಾಲು ನೆಲಕ್ಕೆ ಬಂದೇ ಬರುತ್ತದೆ.

ದಿನದ ಓಟಕ್ಕೆ ಬೇಕಾದ ಆರೈಕೆ

ದಿನಕ್ಕೆ 30 ಕಿ.ಮೀ., ತಿಂಗಳಿಗೆ 25 ದಿನ ಅಂದರೆ 750 ಕಿ.ಮೀ. ಚೆನ್ನಾಗಿಟ್ಟುಕೊಂಡ ಸ್ಪ್ಲೆಂಡರ್ ಊರೊಳಗೆ ಲೀಟರಿಗೆ 60 ಕೊಟ್ಟರೆ ಹನ್ನೆರಡೂವರೆ ಲೀಟರು. ಲೀಟರಿಗೆ 103 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 1,290 ರೂಪಾಯಿ. ಮೈಲೇಜ್ ನೋಡಲು ಟ್ಯಾಂಕ್ ತುಂಬಿಸಿ, ಮೀಟರ್ ಬರೆದಿಟ್ಟುಕೊಂಡು, ಇನ್ನೂರು ಮುನ್ನೂರು ಕಿ.ಮೀ. ಓಡಿಸಿ ಮತ್ತೆ ತುಂಬಿಸಿ, ಓಡಿದ ಕಿ.ಮೀ.ಯನ್ನು ಈ ಸಲ ತುಂಬಿದ ಲೀಟರಿನಿಂದ ಭಾಗಿಸಿ. ನೂರು ರೂಪಾಯಿ ಪೆಟ್ರೋಲ್ ಎಷ್ಟು ದಿನ ಬಂತು ಎನ್ನುವುದು ಲೆಕ್ಕವಲ್ಲ. ಮೈಲೇಜ್ 45ಕ್ಕೆ ಇಳಿದರೆ ಕಾರ್ಬೋರೇಟರ್ ಬಿಚ್ಚಿಸುವ ಮೊದಲು ಗಾಳಿ, ಚೈನು, ಬ್ರೇಕು ನೋಡಿ. ಡಬಲ್ ಸ್ಟ್ಯಾಂಡಿನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು.

ಗಾಳಿ ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರೇ ಇದ್ದರೆ 28, ಹಿಂಬದಿ ಸವಾರರಿದ್ದರೆ 40. ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ. ಕಡ್ಡಿ ಚಕ್ರದಲ್ಲಿ ಟ್ಯೂಬ್ ಇರುತ್ತದೆ. ಗಾಳಿ ಕಡಿಮೆಯಾದರೆ ಬ್ರೇಕ್ ಹಿಡಿದಾಗ ಟೈರು ರಿಮ್ಮಿನ ಮೇಲೆ ಸರಿದು ಟ್ಯೂಬನ್ನೂ ಎಳೆಯುತ್ತದೆ, ವಾಲ್ವ್ ಬುಡದಲ್ಲೇ ಹರಿಯುತ್ತದೆ. ಆ ಪಂಕ್ಚರಿಗೆ ಪ್ಯಾಚ್ ಹಾಕಲಾಗುವುದಿಲ್ಲ, ಹೊಸ ಟ್ಯೂಬೇ ಗತಿ.

ಎಂಜಿನ್ ಆಯಿಲ್ 10ಡಬ್ಲ್ಯೂ30 ದರ್ಜೆಯದು, ಡಬ್ಬದ ಮೇಲೆ ಜಾಸೋ ಎಂಎ (ಬೈಕಿನ ಕ್ಲಚ್ಚಿಗೆ ಒಗ್ಗುವ ಆಯಿಲ್ ಎಂಬ ಗುರುತು) ಎಂದಿರಬೇಕು. ಈ ಗಾಡಿಗೆಂದೇ 900 ಮಿ.ಲೀ. ಡಬ್ಬ ಸಿಗುತ್ತದೆ. ಕಾರಿನ ಆಯಿಲ್ ಹಾಕಬಾರದು. ಇದರ ಕ್ಲಚ್ ಪ್ಲೇಟುಗಳು ಅದೇ ಆಯಿಲಿನಲ್ಲಿ ಮುಳುಗಿರುತ್ತವೆ, ಕಾರಿನ ಆಯಿಲಿನಲ್ಲಿರುವ ಜಾರಿಕೆಯ ಮಿಶ್ರಣ ಕ್ಲಚ್ಚನ್ನೂ ಜಾರಿಸುತ್ತದೆ. ಊರೊಳಗಿನ ನಿಂತು ನಿಂತು ಸಾಗುವ ಓಟಕ್ಕೆ 3,000 ಕಿ.ಮೀ.ಗೆ ಬದಲಿಸಿ. ಎಂಜಿನನ್ನು ಮೂರ್ನಾಲ್ಕು ನಿಮಿಷ ಓಡಿಸಿ ಆರಿಸಿ, 17ರ ಸ್ಪ್ಯಾನರಿನಿಂದ ಕೆಳಗಿನ ಬೋಲ್ಟ್ ಬಿಚ್ಚಿ, ಆಯಿಲ್ ಪೂರ್ತಿ ಇಳಿಯಲು ಬಿಡಿ. ವಾಷರ್ ಹಾಕಿ ಬೋಲ್ಟನ್ನು ಮೊದಲು ಕೈಯಿಂದಲೇ ತಿರುಗಿಸಿ, ಕೊನೆಗೆ ಮಾತ್ರ ಸ್ಪ್ಯಾನರ್. ಆಯಿಲನ್ನು ಒಮ್ಮೆಲೇ ಡಬ್ಬ ಖಾಲಿಯಾಗುವಂತೆ ಸುರಿಯದೆ, ಕೊನೆಯಲ್ಲಿ ಆಯಿಲ್ ಮುಚ್ಚಳದ ಅಳತೆ ಕಡ್ಡಿ ಅದ್ದಿ ನೋಡುತ್ತಾ ಹಾಕಿ. ಅಳೆಯುವಾಗ ಕಡ್ಡಿಯನ್ನು ತಿರುಪಬಾರದು, ಸುಮ್ಮನೆ ಇಳಿಬಿಟ್ಟು ತೆಗೆಯಬೇಕು. ಗಾಡಿ ಡಬಲ್ ಸ್ಟ್ಯಾಂಡಿನಲ್ಲಿರಲಿ. ಇದರಲ್ಲಿ ಕಾರಿನಂತೆ ಬಿಸಾಡುವ ಆಯಿಲ್ ಫಿಲ್ಟರ್ ಇಲ್ಲ, ಒಳಗೊಂದು ಜಾಲರಿ ಮತ್ತು ಸುತ್ತುತ್ತಾ ಕೊಳೆ ಹಿಡಿಯುವ ಬಟ್ಟಲು ಇದೆ. ಕ್ಲಚ್ ಕೆಲಸಕ್ಕೆ ಕವರ್ ಬಿಚ್ಚಿದಾಗ ಎರಡನ್ನೂ ತೊಳೆಯಲು ಮೆಕ್ಯಾನಿಕ್ಕಿಗೆ ಮರೆಯದೆ ಹೇಳಿ.

ಚೈನಿಗೆ ಪೂರ್ತಿ ಕವರ್ ಇರುವುದರಿಂದ ಕೆಸರು ತಾಗುವುದಿಲ್ಲ, ಆದರೆ ಕಣ್ಣಿಗೂ ಬೀಳುವುದಿಲ್ಲ. ಕವರಿನ ರಬ್ಬರ್ ಮುಚ್ಚಳ ತೆಗೆದು ಬೆರಳಿನಿಂದ ಎತ್ತಿ ಇಳಿಸಿ ನೋಡಿ, ಎರಡರಿಂದ ಮೂರು ಸೆಂ.ಮೀ. ಆಡಬೇಕು. ಚಕ್ರವನ್ನು ತಿರುಗಿಸುತ್ತಾ ಅತ್ಯಂತ ಬಿಗಿ ಇರುವ ಜಾಗದಲ್ಲಿ ಅಳೆಯಿರಿ, ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಬಿಗಿ ಮಾಡುವಾಗ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನು ಗುರುತು ನೋಡಿ ಸಮನಾಗಿ ತಿರುಗಿಸಿ. ಈಗ ಬಹಳ ಮಂದಿ ಮರೆಯುವುದು ಒಂದಿದೆ. ಚಕ್ರ ಹಿಂದಕ್ಕೆ ಸರಿದಾಗ ಬ್ರೇಕ್ ರಾಡು ತಾನೇ ಬಿಗಿಯಾಗುತ್ತದೆ. ಹಾಗೇ ಬಿಟ್ಟರೆ ಬ್ರೇಕ್ ಶೂ ಉಜ್ಜುತ್ತಾ ಡ್ರಮ್ ಬಿಸಿಯಾಗುತ್ತದೆ, ಮೈಲೇಜ್ ಬೀಳುತ್ತದೆ. ಪೆಡಲ್ ಎರಡು ಮೂರು ಸೆಂ.ಮೀ. ಇಳಿದ ಮೇಲೆ ಬ್ರೇಕ್ ಹಿಡಿಯುವಂತೆ ರಾಡಿನ ನಟ್ಟನ್ನು ಸರಿಮಾಡಿ, ಬ್ರೇಕ್ ಲೈಟ್ ಹತ್ತುತ್ತದೆಯೇ ನೋಡಿ. ಡ್ರಮ್ಮಿನ ಮೇಲಿನ ಬಾಣದ ಗುರುತು ಬ್ರೇಕ್ ಪೂರ್ತಿ ಒತ್ತಿದಾಗ ಎದುರಿನ ಗುರುತಿಗೆ ಬಂದು ಕೂತರೆ ಶೂ ಮುಗಿದಿದೆ, ಇನ್ನು ನಟ್ ತಿರುಗಿಸಿ ಪ್ರಯೋಜನವಿಲ್ಲ.

ಕ್ಲಚ್ ಲಿವರಿನ ತುದಿಯಲ್ಲಿ ಒಂದರಿಂದ ಎರಡು ಸೆಂ.ಮೀ. ಸಡಿಲ ಇರಬೇಕು. ಅದಕ್ಕಿಂತ ಬಿಗಿಯಾದರೆ ಪ್ಲೇಟು ಜಾರಿ ಸುಡುತ್ತದೆ, ಸಡಿಲವಾದರೆ ನ್ಯೂಟ್ರಲ್ ಸಿಗುವುದಿಲ್ಲ. ವೈರು ತುಂಡಾಗುವುದು ಲಿವರಿನೊಳಗಿನ ಗುಂಡಿನ ಹತ್ತಿರ. ಅಲ್ಲಿ ಒಂದೆರಡು ಎಳೆ ಬಿಚ್ಚಿದ್ದು ಕಂಡ ದಿನವೇ ಬದಲಿಸಿ.

ಮಳೆಗಾಲದಲ್ಲಿ ಡ್ರಮ್ ಬ್ರೇಕಿಗೆ ನೀರು ಹೋದರೆ ಮೊದಲ ಸಲ ಒತ್ತಿದಾಗ ಬ್ರೇಕ್ ಹಿಡಿಯುವುದೇ ಇಲ್ಲ. ನೀರು ದಾಟಿದ ಕೂಡಲೇ ನಿಧಾನ ಓಡಿಸುತ್ತಾ ಎರಡೂ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದು ಒಣಗಿಸಿಕೊಳ್ಳಿ. ನಿಂತ ನೀರಿನೊಳಗೆ ಎಂಜಿನ್ ಆರಿಹೋದರೆ ಅಲ್ಲೇ ಕಿಕ್ ಹೊಡೆಯಬೇಡಿ. ತಳ್ಳಿಕೊಂಡು ಹೊರಬಂದು, ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಇಟ್ಟು ಹತ್ತು ಕಿಕ್ ಕೊಟ್ಟರೆ ಒಳಗಿನ ನೀರು ಹೊರಬರುತ್ತದೆ. ಪ್ಲಗ್ಗನ್ನೂ ಅದರ ಟೊಪ್ಪಿಗೆಯನ್ನೂ ಒರೆಸಿ ಹಾಕಿ. ಏರ್ ಫಿಲ್ಟರ್ ನೆನೆದಿದ್ದರೆ ಪೇಪರಿನದನ್ನು ತೊಳೆದು ಮತ್ತೆ ಹಾಕಬಾರದು, ಹೊಸದೇ ಬೇಕು.

ಎರಡು ಮೂರು ವಾರ ಊರಿಗೆ ಹೋಗಿ ಗಾಡಿ ನಿಲ್ಲಿಸುವುದಿದ್ದರೆ ಕಾರ್ಬೋರೇಟರ್ ಗಾಡಿಯ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನೇ ಆರುವವರೆಗೆ ಓಡಿಸಿ. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಂಡು ಕಾರ್ಬೋರೇಟರಿನ ಬಟ್ಟಲಿನಲ್ಲಿ ಕಸ ಕಟ್ಟುತ್ತದೆ. ವಾಪಸ್ ಬಂದ ದಿನ ಕಾಕ್ ತೆರೆದು ಅರ್ಧ ನಿಮಿಷ ಕಾಯಿರಿ, ಬಟ್ಟಲು ತುಂಬಬೇಕು. ಇಗ್ನಿಷನ್ ಆಫ್ ಇರುವಾಗಲೇ ಮೂರು ನಾಲ್ಕು ಕಿಕ್ ಕೊಟ್ಟು ಆಯಿಲನ್ನು ಮೇಲೆ ಹತ್ತಿಸಿ. ಆಮೇಲೆ ಚೋಕ್ ಎಳೆದು, ಆಕ್ಸಿಲೇಟರ್ ಮುಟ್ಟದೆ, ಸ್ಟಾರ್ಟ್ ಮಾಡಿ.